ನಾಲ್ಕು ಮಳೆಗಾಲ ಕಂಡ ಒಂದು ಎಚ್‌ಪಿ ಪೂಲ್ ಪಂಪು: ಓಡಿದರೆ ಚಿನ್ನ, ನಿಂತರೆ ಖರ್ಚು

ಪಂಪು ಓಡಿ ಓಡಿ ಸವೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಮಲೆನಾಡಿನಲ್ಲಿ ಅದು ನಿಂತು ನಿಂತು ಹಾಳಾಗುತ್ತದೆ. ತೀರ್ಥಹಳ್ಳಿ ಕಡೆಯ ಹೋಂಸ್ಟೇ ಕೊಳಕ್ಕೆ ಹಾಕಿದ ಈ ಸೆಲ್ಫ್ ಪ್ರೈಮಿಂಗ್ (ಪೈಪಿನ ಗಾಳಿ ಹೊರಹಾಕಿ ತಾನೇ ನೀರು ಎಳೆದುಕೊಳ್ಳುವ) ಪಂಪಿಗೆ ನಾಲ್ಕು ಮಳೆಗಾಲ ಆಯಿತು. ಈವರೆಗೆ ಎರಡು ಸಲ ಸೀಲು (ನೀರು ಮೋಟಾರಿನ ಕಡೆ ಸೋರದಂತೆ ತಡೆಯುವ ಭಾಗ), ಒಂದು ಸಲ ಬೇರಿಂಗು, ಒಂದು ಸಲ ಕೆಪಾಸಿಟರ್ ಬದಲಾಗಿದೆ. ನಾಲ್ಕರಲ್ಲಿ ಮೂರು ರಿಪೇರಿ ಬಂದದ್ದು ಒಂದೇ ಹೊತ್ತಿಗೆ: ಮೃಗಶಿರಾ ಮಳೆಗೆ ನಿಲ್ಲಿಸಿದ ಮೋಟಾರನ್ನು ದಸರಾ ರಜೆಗೆಂದು ಮತ್ತೆ ಚಾಲೂ ಮಾಡಿದ ದಿನ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಓಡಿದರೂ ಚಕಾರ ಎತ್ತದ ಯಂತ್ರ ಇದು.

ಮೊದಲು ಆಯ್ಕೆಯ ಮಾತು. ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಒಟ್ಟು 60 ಸಾವಿರ ಲೀಟರ್. ಇಷ್ಟೂ ನೀರು ಆರು ಗಂಟೆಯಲ್ಲಿ ಒಮ್ಮೆ ಫಿಲ್ಟರ್ ಹಾಯಬೇಕು ಅಂದರೆ ಗಂಟೆಗೆ 10 ಸಾವಿರ ಲೀಟರ್ ಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಗರಿಷ್ಠ ಲೀಟರ್ ನೋಡಿ ಮೋಸಹೋಗಬೇಡಿ, ಅದು ಪಂಪಿಗೆ ಯಾವ ತಡೆಯೂ ಇಲ್ಲದಾಗಿನ ಲೆಕ್ಕ. ಫಿಲ್ಟರು, ಪೈಪು, ಬೆಂಡು ಎಲ್ಲ ಸೇರಿ ಇಂಥ ಕೊಳದಲ್ಲಿ ಸುಮಾರು 10 ಮೀಟರ್ ಹೆಡ್, ಅಂದರೆ ಅಷ್ಟು ಎತ್ತರಕ್ಕೆ ನೀರೆತ್ತುವಷ್ಟು ತಡೆ, ಬೀಳುತ್ತದೆ. ಕಂಪನಿಯ ಗ್ರಾಫಿನಲ್ಲಿ ಆ 10 ಮೀಟರಿನ ಎದುರು ಎಷ್ಟು ನೀರು ಬರೆದಿದೆಯೋ ಅದಷ್ಟೇ ನಂಬಬೇಕಾದ ಅಂಕಿ.

ಅಡಿಕೆ ತೋಟದವರು ಎಡವುವುದು ಇಲ್ಲಿಯೇ. ತೋಟದ ಮೋಟಾರು ಅಂದರೆ ಹೆಡ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಗುಡ್ಡ ಹತ್ತಬೇಕಲ್ಲ. ಕೊಳಕ್ಕೆ ಬೇಕಾದದ್ದು ತಗ್ಗಿನ ಹೆಡ್‌ನಲ್ಲಿ ಧಾರಾಳ ನೀರು. ಕೊಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಎರಡು ಎಚ್‌ಪಿ ಮಾನೋಬ್ಲಾಕನ್ನೇ (ಮೋಟಾರು, ಪಂಪು ಒಂದೇ ಒಡಲಾಗಿರುವ ತೋಟದ ಪಂಪು) ಜೋಡಿಸಿದರೆ ಎರಕದ ಕಬ್ಬಿಣ ಕ್ಲೋರಿನ್‌ಗೆ ತುಕ್ಕು ಹಿಡಿದು ಕೊಳದ ಗೋಡೆಗೆ ಕಂದು ಗೆರೆ ಎಳೆಯುತ್ತದೆ. ಮುಂದೆ ಕಸದ ಬುಟ್ಟಿ ಇಲ್ಲದ ಕಾರಣ ಎಲೆ, ಕಡ್ಡಿ ನೇರ ಇಂಪೆಲ್ಲರಿಗೆ, ಅಂದರೆ ನೀರು ನೂಕುವ ಚಕ್ರಕ್ಕೆ, ಹೋಗುತ್ತದೆ. ಸ್ಯಾಂಡ್ ಫಿಲ್ಟರು ಚದರ ಮೀಟರಿಗೆ ಗಂಟೆಗೆ 30ರಿಂದ 40 ಘನ ಮೀಟರ್ ನೀರು ಹಾಯ್ದರೆ ಚೆನ್ನಾಗಿ ಸೋಸುತ್ತದೆ. 650 ಮಿ.ಮೀ. ವ್ಯಾಸದ ಫಿಲ್ಟರಿಗೆ ಗಂಟೆಗೆ 10 ಸಾವಿರ ಲೀಟರ್ ಸರಿಹೊಂದುವುದು ಆ ಲೆಕ್ಕದಲ್ಲಿ. ಅದರ ಇಮ್ಮಡಿ ನೂಕಿದರೆ ಮರಳಿನಲ್ಲಿ ಬಿಲ ಕೊರೆದುಕೊಂಡು ಕೊಳೆ ಸಮೇತ ನೀರು ಆಚೆ ಬರುತ್ತದೆ. ಕರೆಂಟ್ ಬಿಲ್ಲು ಮೇಲಾಯಿತು, ನೀರು ಮಾತ್ರ ಕಲಗಚ್ಚು.

ಹೀರುವ ಕಡೆ ಎರಡಿಂಚು, ಅಂದರೆ 63 ಮಿ.ಮೀ. ಪೈಪಿಗೆ ಕಡಿಮೆ ಬೇಡ. ಒಂದೂವರೆ ಇಂಚಿನಲ್ಲಿ ಇಷ್ಟೇ ನೀರು ಸೆಕೆಂಡಿಗೆ ಎರಡು ಮೀಟರಿಗೂ ಮೇಲೆ ಓಡುತ್ತದೆ; ಪಂಪಿನೊಳಗೆ ಜಲ್ಲಿ ಹಾಕಿ ಕುಲುಕಿದ ಹಾಗೆ ಸದ್ದು ಬಂದರೆ ಇಂಪೆಲ್ಲರ್ ತಿಂದುಹೋಗುತ್ತಿದೆ ಅಂತ ತಿಳಿಯಿರಿ.

ಪಂಪನ್ನು ನೆಲದಡಿ ಗುಂಡಿಯಲ್ಲಿ ಕೂರಿಸಿದರೆ ನೀರು ತಾನಾಗಿ ಬಂದು ತುಂಬುತ್ತದೆ, ಪ್ರೈಮಿಂಗ್ ಕಾಟವಿಲ್ಲ ಅಂತ ಬಯಲುಸೀಮೆಯ ಕೆಲಸಗಾರರು ಹೇಳುತ್ತಾರೆ. ಅವರ ಊರಿಗೆ ಅದು ಸರಿ. ಇಲ್ಲಿ ಪುನರ್ವಸು ಮಳೆಗೆ ನೆಲದಡಿಯ ಜಲ ಎದ್ದರೆ ಆ ಗುಂಡಿಯೇ ಇನ್ನೊಂದು ಕೊಳ. ನೆಲದ ಮೇಲೆ ಒಂದಡಿ ಕಟ್ಟೆ ಕಟ್ಟಿ, ಮೇಲೆ ತಗಡಿನ ಮಾಡು ಇಳಿಸಿ, ನಾಲ್ಕೂ ಕಡೆ ಗಾಳಿ ಆಡುವಂತೆ ಬಿಟ್ಟರೆ ಸಾಕು. ಚಾಲೂ ಮಾಡುವ ಮುಂಚೆ ಬುಟ್ಟಿಯ ಪಾತ್ರೆಗೆ ಒಂದು ಬಕೆಟ್ ನೀರು ಸುರಿಯಿರಿ. ಐದು ನಿಮಿಷದಲ್ಲಿ ನೀರು ಎತ್ತದಿದ್ದರೆ ಆಫ್ ಮಾಡಿ ಕಾರಣ ಹುಡುಕಿ. ಸೀಲಿಗೆ ತಂಪು ಕೊಡುವುದು ನೀರೇ, ಒಣಗಿ ಓಡಿದರೆ ಅದು ಕ್ಷಣದಲ್ಲಿ ಸುಡುತ್ತದೆ. (ಜಲದ ಮಾತು ಬಂತಲ್ಲ, ತೊಳೆಯುವ ನೆಪದಲ್ಲಿ ಮಳೆಗಾಲದಲ್ಲಿ ಕೊಳ ಖಾಲಿ ಮಾಡುವ ದುಸ್ಸಾಹಸ ಬೇಡ. ಕೆಳಗಿನ ಒತ್ತಡಕ್ಕೆ ತೊಟ್ಟಿ ಬಿರುಕು ಬಿಡಬಹುದು, ಎದ್ದೂ ಬಿಡಬಹುದು.)

ಈ ಪಂಪಿನಲ್ಲಿ ನಿಜಕ್ಕೂ ಖುಷಿ ಕೊಡುವ ಭಾಗ ಅದರ ಪಾರದರ್ಶಕ ಮುಚ್ಚಳ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತರೆ ಕೊಳದ ಸಮಾಚಾರವೆಲ್ಲ ಗೊತ್ತಾಗುತ್ತದೆ. ಒಳಗೆ ನೀರು ಗಾಜಿನ ಹಾಗೆ ತುಂಬಿ ನಿಂತಿದ್ದರೆ ಎಲ್ಲ ಕ್ಷೇಮ. ಗುಳ್ಳೆ ಆಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಒಂದೊಂದೇ ಕೀಲಿನ ಮೇಲೆ ಚೊಂಬಿನಲ್ಲಿ ನೀರು ಬಿಡುತ್ತಾ ಬನ್ನಿ, ಎಲ್ಲಿ ಬಿಟ್ಟಾಗ ಗುಳ್ಳೆ ನಿಲ್ಲುತ್ತದೋ ಅದೇ ಕಳ್ಳ ಜಾಗ. ಹತ್ತರಲ್ಲಿ ಎಂಟು ಸಲ ಮುಚ್ಚಳದ ರಬ್ಬರು ಬಳೆ, ಅಂದರೆ ಓ-ರಿಂಗೇ ಆಗಿರುತ್ತದೆ. ಬುಟ್ಟಿಯ ಕಸದಲ್ಲೂ ಕಾಲ ತಿಳಿಯುತ್ತದೆ. ಫೆಬ್ರವರಿಯಲ್ಲಿ ಸಿಲ್ವರ್ ಓಕ್ ಎಲೆ, ಆಮೇಲೆ ಅಡಿಕೆ ಹಿಂಗಾರದ ಪುಡಿಹೂ, ಮೊದಲ ಮಳೆ ಬಿದ್ದ ಮಾರನೆ ಬೆಳಿಗ್ಗೆ ಗೆದ್ದಲಿನ ರೆಕ್ಕೆ. ಈ ರೆಕ್ಕೆಯೊಂದು ಉಪದ್ರ. ದೀಪಕ್ಕೆ ಬಂದು ಬಿದ್ದ ಹುಳುಗಳ ರೆಕ್ಕೆ ಜಾಲರಿಗೆ ಒದ್ದೆ ಕಾಗದದ ಹಾಗೆ ಅಂಟಿ ರಾತ್ರಿ ಕಳೆಯುವಷ್ಟರಲ್ಲಿ ಪಂಪಿನ ಉಸಿರು ಕಟ್ಟಿಸುತ್ತದೆ. ಮೇ ತಿಂಗಳಲ್ಲಿ ಕೊಳದ ದೀಪ ಒಂಬತ್ತಕ್ಕೆ ಆರಿಸುವುದೇ ಸುಲಭದ ಉಪಾಯ.

ಬುಟ್ಟಿ ತೆಗೆಯುವ ಕ್ರಮ: ಮೊದಲು ಸ್ವಿಚ್ ಆಫ್, ಆಮೇಲೆ ಎರಡೂ ಕಡೆಯ ವಾಲ್ವ್ ಬಂದ್, ಫಿಲ್ಟರಿನ ತಲೆಯ ಗಾಳಿ ತಿರುಪು ಸಡಿಲಿಸಿ ಒತ್ತಡದ ಮುಳ್ಳು ಸೊನ್ನೆಗೆ ಇಳಿದ ಮೇಲಷ್ಟೇ ಮುಚ್ಚಳಕ್ಕೆ ಕೈ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ. ವ್ಯಾಸಲಿನ್ ಅಥವಾ ಗಾಡಿಗೆ ಹಾಕುವ ಗ್ರೀಸ್ ಹಚ್ಚಿದರೆ ಕೆಲವು ಜಾತಿಯ ರಬ್ಬರು ಊದಿಕೊಳ್ಳುತ್ತದೆ. ಮುಚ್ಚಳ ಕೈಬಿಗಿಗೆ ಸಾಕು, ಸ್ಪ್ಯಾನರ್ ಹಾಕಿ ಬಿಗಿದವರು ಹೊಸ ಮುಚ್ಚಳಕ್ಕೆ ದುಡ್ಡು ಕೊಟ್ಟಿದ್ದಾರೆ.

ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖ ಹಾಯಿಸಿ ಫಿಲ್ಟರು ತೊಳೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿಲ್ಟರು ಶುಭ್ರವಾಗಿದ್ದಾಗಿನ ಒತ್ತಡಕ್ಕಿಂತ ಅರ್ಧ ಬಾರ್ ಏರಿದಾಗ ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್. ಪಂಪು ಓಡುತ್ತಿರುವಾಗ ಮಲ್ಟಿಪೋರ್ಟ್ (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿಕೆ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ.

ಇನ್ನು ಮಳೆಗಾಲ. ಈ ಪಂಪಿನ ಮೇಲಿನ ಪ್ರೀತಿ ಕರಗುವುದು ಇಲ್ಲಿಂದ. ಮೋಟಾರಿನ ಮೇಲೆ ಐಪಿ 55 ಅಂತ ಹಚ್ಚಿದ್ದಾರೆ. ಅದು ಹೊರಗಿನಿಂದ ಚಿಮ್ಮುವ ನೀರಿಗೆ ಹೇಳಿದ ಮಾತು, ಗಾಳಿಯಲ್ಲಿರುವ ತೇವಕ್ಕಲ್ಲ. ಬಿಸಿಯಾದ ಮೋಟಾರು ನಿಂತು ತಣಿಯುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗುಂಬೆ, ಹುಲಿಕಲ್ ಸುತ್ತಿನ ಜುಲೈ ತಿಂಗಳ ಗಾಳಿ ಅಂದರೆ ಅರ್ಧ ನೀರೇ. ಆ ತೇವ ವೈಂಡಿಂಗಿನ ಮೇಲೆ ಬೆವರಿ ಕೂರುತ್ತದೆ, ಬೇರಿಂಗಿಗೆ ತುಕ್ಕು ತರಿಸುತ್ತದೆ. ಸೀಲಿನ ಎರಡು ಮುಖಗಳು ತಿಂಗಳುಗಟ್ಟಲೆ ಅಲುಗಾಡದೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಸರೆಗೆ ಸ್ವಿಚ್ ಒತ್ತಿದಾಗ ಅಂಚು ಕಿತ್ತು, ಮೋಟಾರಿನ ಕತ್ತಿನ ಕೆಳಗೆ ಹನಿ ಶುರು. ಆ ಹನಿಯನ್ನು ವಾರಗಟ್ಟಲೆ ಸಹಿಸಿಕೊಂಡರೆ ನೀರು ಬೇರಿಂಗ್ ಹೊಕ್ಕು ಕೀಚಲು ಸದ್ದು ಎಬ್ಬಿಸುತ್ತದೆ.

ಅಡಿಕೆ ಒಣಗಿಸುವ ಟಾರ್ಪಾಲನ್ನು ಮೋಟಾರಿಗೆ ಸುತ್ತಿ ಹಗ್ಗ ಕಟ್ಟುವುದು ಎಲ್ಲರೂ ಮಾಡುವ ಕೆಲಸ. ಅದಕ್ಕಿಂತ ದೊಡ್ಡ ತಪ್ಪಿಲ್ಲ. ತೇವ ಒಳಗೇ ಬೇಯುತ್ತದೆ, ಮೇಲಿಂದ ಇರುವೆ, ಹಲ್ಲಿಗೆ ಬೆಚ್ಚನೆ ಮನೆ ಮಾಡಿಕೊಟ್ಟ ಹಾಗೆ. ಫ್ಯಾನ್ ಕವರಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟಿ ಫ್ಯಾನನ್ನೇ ಹಿಡಿದು ನಿಲ್ಲಿಸಿದ್ದೂ ಉಂಟು.

ಮದ್ದು ಬಹಳ ಸರಳ: ನಿಲ್ಲಿಸಬೇಡಿ. ಅತಿಥಿಗಳಿರಲಿ ಬಿಡಲಿ, ಮಳೆಗಾಲದಲ್ಲೂ ದಿನಕ್ಕೆ ಎರಡು ಗಂಟೆ ಓಡಲಿ. ಅದರ ಬಿಸಿಗೇ ಒಳಗಿನ ತೇವ ಹಾರುತ್ತದೆ, ಸೀಲು ಅಂಟುವುದಿಲ್ಲ. ಕರೆಂಟಿನಿಂದ ಎಳೆಯುವುದು ಗಂಟೆಗೆ ಸುಮಾರು 1.1 ಯೂನಿಟ್, ತಿಂಗಳಿಗೆ 66 ಯೂನಿಟ್. ನಿಮ್ಮ ಮೆಸ್ಕಾಂ ದರದಿಂದ ಗುಣಿಸಿ ಒಂದು ಸೀಲು, ಒಂದು ಬೇರಿಂಗು, ಮೆಕ್ಯಾನಿಕ್ಕಿನ ಓಡಾಟದ ಪಕ್ಕ ಇಟ್ಟು ನೋಡಿ. ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲ ಅಂದರೆ ಮೇನ್ ತೆಗೆದು, ಫ್ಯಾನ್ ಕವರ್ ಬಿಚ್ಚಿ, ಎರಡು ಮೂರು ದಿನಕ್ಕೊಮ್ಮೆ ಫ್ಯಾನನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಕಳೆದ ಮಳೆಗಾಲ ಹೀಗೆ ನಡೆಸಿದ್ದಕ್ಕೆ ದಸರೆಯಲ್ಲಿ ಒಂದು ಹನಿಯೂ ಸೋರಲಿಲ್ಲ. ಹಾಗಾಗಿ ಮೊದಲು ಕೊಡಬೇಕೆಂದಿದ್ದ ಎರಡು ನಕ್ಷತ್ರ ಈಗ ನಾಲ್ಕಾಗಿದೆ. ಉಳಿದ ಒಂದು ನಕ್ಷತ್ರ ಹೋದದ್ದು ಕೈಪಿಡಿಯ ಪಾಲಿಗೆ: ಹಿಮ ಬಿದ್ದರೆ ಏನು ಮಾಡಬೇಕು ಅಂತ ಒಂದು ಪುಟ ಇದೆ, ಮಳೆಯ ಬಗ್ಗೆ ಒಂದು ಸಾಲಿಲ್ಲ.

ಹಳ್ಳಿಯ ವೋಲ್ಟೇಜ್ ಬೇರೆ ಕಥೆ. ಸಂಜೆ ಏಳರ ಹೊತ್ತಿಗೆ 180ಕ್ಕೆ ಇಳಿದರೆ ಮೋಟಾರು ಗುಂಯ್ ಅನ್ನುತ್ತಾ ತಿರುಗದೆ ನಿಲ್ಲುತ್ತದೆ, ಕೆಪಾಸಿಟರ್ ಊದುತ್ತದೆ. ಎಂಸಿಬಿ ಇದಕ್ಕೆ ಬೀಳುತ್ತದೆ ಅಂತ ನಂಬುವ ಹಾಗಿಲ್ಲ. ಹೆಚ್ಚು ಕಡಿಮೆ ವೋಲ್ಟೇಜಿಗೆ ಕತ್ತರಿಸಿ, ಮತ್ತೆ ಬಂದಾಗ ಮೂರು ನಿಮಿಷ ಕಾದು ಹಚ್ಚುವ ರಿಲೇ ಹಾಕಿಸಿ; ಓವರ್‌ಲೋಡನ್ನು ಮೋಟಾರಿನ ತಗಡಿನ ಮೇಲಿರುವ ಆಂಪಿಯರಿಗೇ ಕೂರಿಸಿ. ಟೈಮರ್ ಬ್ಯಾಟರಿ ಇರುವುದೇ ಬೇಕು, ಮುಳ್ಳಿನ ಟೈಮರು ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬಿದ್ದು ಹಗಲಿನ ಓಟವನ್ನು ರಾತ್ರಿಗೆ ಒಯ್ಯುತ್ತದೆ.

ವೇರಿಯಬಲ್ ಸ್ಪೀಡ್ ಪಂಪು ಕೊಳ್ಳಬಹುದಿತ್ತಲ್ಲ ಅಂತ ಕೇಳುವವರಿಗೆ: ವೇಗ ಅರ್ಧಕ್ಕಿಳಿಸಿದರೆ ನೀರೂ ಅರ್ಧ, ಶಕ್ತಿ ಮಾತ್ರ ಲೆಕ್ಕದ ಪ್ರಕಾರ ಎಂಟನೇ ಒಂದು ಪಾಲು, ಆ ವಾದ ನಿಜ. ಆದರೆ ಬೆಲೆ ಹಲವು ಪಟ್ಟು, ತಲೆಯ ಮೇಲೆ ಕೂತ ಎಲೆಕ್ಟ್ರಾನಿಕ್ಸ್ ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಒಡ್ಡಿಕೊಂಡಿರುತ್ತದೆ. ಪೇಟೆಯಲ್ಲಿ, ವರ್ಷವಿಡೀ ಓಡಿಸುವವರು ಅದನ್ನೇ ಕೊಳ್ಳಲಿ. ಇಲ್ಲಿ ಸಾದಾ ಮೋಟಾರೇ ಲೇಸು, ವೈಂಡಿಂಗ್ ಸುಟ್ಟರೂ ತೀರ್ಥಹಳ್ಳಿಯಲ್ಲೇ ಕಟ್ಟಿಕೊಡುತ್ತಾರೆ.

ಪ್ರಾಣದ ವಿಷಯದಲ್ಲಿ ಉಳಿತಾಯ ಮಾಡುವ ಹಾಗಿಲ್ಲ. ಪಂಪಿನ ಲೈನಿಗೆ ಪ್ರತ್ಯೇಕ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕತ್ತರಿಸುವ ಸ್ವಿಚ್) ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಬೇಕು. ಪಂಪು ಕೊಳದ ಅಂಚಿನಿಂದ ಕನಿಷ್ಠ ಮೂರೂವರೆ ಮೀಟರ್ ಆಚೆ, ನೀರೊಳಗಿನ ದೀಪ 12 ವೋಲ್ಟಿನದೇ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ಸೋಲುತ್ತದೆ, ಅಳೆಸುವುದಿದ್ದರೆ ಏಪ್ರಿಲ್‌ನಲ್ಲಿ ಅಳೆಸಿ. ಆಗಸ್ಟಿನಲ್ಲಿ ಎಲ್ಲರ ಅರ್ತಿಂಗೂ ಚೆನ್ನಾಗಿಯೇ ಇರುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ಕೊಳದ ತಳದ ಜಾಲರಿ. ಒಂದೇ ಜಾಲರಿ ಇದ್ದು ಅದರ ಮೇಲೆ ಮಗು ಕೂತರೆ, ಅಥವಾ ಕೂದಲು ಸಿಕ್ಕಿದರೆ, ಈ ಒಂದು ಎಚ್‌ಪಿಯ ಎಳೆತವನ್ನು ದೊಡ್ಡವರಿಗೂ ಬಿಡಿಸಲು ಆಗದು. ಅಮೆರಿಕ 2007ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ನಮ್ಮ ಕೊಳಕ್ಕೂ ಬೇಕಾದದ್ದು ಇಷ್ಟು: ಒಂದು ಮೀಟರ್ ಅಂತರದಲ್ಲಿ ಎರಡು ಜಾಲರಿ, ಎರಡಕ್ಕೂ ಉಬ್ಬು ಮುಚ್ಚಳ, ಒಂದೇ ಪೈಪಿಗೆ ಜೋಡಣೆ. ಮುಚ್ಚಳ ಒಡೆದದ್ದು ಕಂಡ ಕ್ಷಣ ಪಂಪ್ ಆಫ್, ಯಾರೂ ನೀರಿಗಿಳಿಯಬಾರದು.

ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆಯನ್ನು ಸ್ಕಿಮ್ಮರಿನಲ್ಲಾಗಲೀ (ನೀರಿನ ಮೇಲ್ಮೈ ಕಸ ಎಳೆದುಕೊಳ್ಳುವ ಬಾಯಿ) ಪಂಪಿನ ಬುಟ್ಟಿಯಲ್ಲಾಗಲೀ ಇಡಬೇಡಿ. ಪಂಪು ನಿಂತಾಗ ಅದು ಕರಗಿದ ಹುಳಿನೀರು ಸೀಲಿನ ಸುತ್ತಲೇ ನಿಲ್ಲುತ್ತದೆ. ಅದಕ್ಕೆ ಬ್ಲೀಚಿಂಗ್ ಪೌಡರ್ ತಗುಲಿದರಂತೂ ಸಿಡಿಯಬಹುದು, ಎರಡಕ್ಕೂ ಬೇರೆ ಬೇರೆ ಚಮಚವೇ ಇರಲಿ. 100 ಮಿ.ಮೀ. ಮಳೆ ಬಿದ್ದರೆ ಈ ಕೊಳಕ್ಕೆ ಐದು ಸಾವಿರ ಲೀಟರ್ ಮಳೆನೀರು ಸೇರಿ ಕ್ಷಾರದ ಅಂಶ ತೆಳುವಾಗುತ್ತದೆ. ಒಂದು ಕಿಲೋ ಅಡುಗೆ ಸೋಡಾ ಹಾಕಿದರೆ ಅದು 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರುತ್ತದೆ. ಪಾಚಿಗೆಂದು ತೋಟದ ಮೈಲುತುತ್ತ ತಂದು ಸುರಿಯುವ ಬುದ್ಧಿ ಮಾತ್ರ ಬೇಡ, ಗೋಡೆಯ ನೀಲಿ ಕಲೆ ಉಜ್ಜಿದರೂ ಹೋಗದು.

ಯಾವ ಕಾರಣಕ್ಕೋ ನಾಲ್ಕು ತಿಂಗಳು ನಿಂತೇ ಹೋಯಿತು ಅಂದುಕೊಳ್ಳಿ. ಸ್ವಿಚ್ ಒತ್ತುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ತೆಗೆಸಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿಸಿ, 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನಿಂದ ಕರೆಂಟ್ ಸೋರುತ್ತದೆಯೇ ಅಳೆಯುವ ಯಂತ್ರ) ಹಚ್ಚಿಸಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಪಕ್ಕದಲ್ಲಿ 60 ವ್ಯಾಟಿನ ಹಳೇ ಬಲ್ಬು ಉರಿಸಿ ಒಂದು ದಿನ ಒಣಗಿಸಿ. ಅಡಿಕೆ ಬೇಯಿಸುವ ಒಲೆಯ ಪಕ್ಕ ಇಟ್ಟರೆ ಪ್ಲಾಸ್ಟಿಕ್ ಒಡಲು ಸೊಟ್ಟಗಾಗುತ್ತದೆ. ಬೇರಿಂಗು ಶಿವಮೊಗ್ಗದಲ್ಲಿ ನಂಬರ್ ಹೇಳಿದರೆ ಸಿಗುತ್ತದೆ. ಸೀಲು ಬೆಂಗಳೂರಿನಿಂದಲೇ ಬರಬೇಕು, ಹಬ್ಬದ ವಾರದಲ್ಲಿ ಅದು ಬಂದು ಮುಟ್ಟುವುದರೊಳಗೆ ರಜೆ ಮುಗಿದಿರುತ್ತದೆ. ಒಂದು ಸೀಲು, ಎರಡು ಓ-ರಿಂಗ್, ಒಂದು ಕೆಪಾಸಿಟರ್ ಮೇ ತಿಂಗಳಲ್ಲೇ ತಂದು ಡಬ್ಬಿಗೆ ಹಾಕಿ ಮನೆಯೊಳಗೆ ಇಡಿ, ಪಂಪಿನ ಮಾಡಿನಡಿ ಅಲ್ಲ.