ಕಿಯಾಂಟಿ ಕ್ಲಾಸಿಕೊನಾ, ಲಂಬ್ರುಸ್ಕೋನಾ? ನನ್ನ ವೋಟು ಲಂಬ್ರುಸ್ಕೋಗೆ

ಇಟಲಿಗೆ ಹೊರಟಾಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ವೈನ್ ಹೆಸರು, ಕಿಯಾಂಟಿ. ನೊರೆಯೇಳುವ ಲಂಬ್ರುಸ್ಕೋ ವೈನ್ ಅಂದರೆ ಮಾತ್ರ ಮೂಗು ಮುರಿದರು, ಅದು ಸಿಹಿ ಸೋಡಾ ಅಂತ. ಎರಡನ್ನೂ ಅದರದರ ಸೀಮೆಯಲ್ಲೇ ಕುಡಿದು ಬಂದಿದ್ದೇನೆ. ನಮ್ಮಂಥವರಿಗೆ ಮೋದೆನಾ ಊರಿನ ಲಂಬ್ರುಸ್ಕೋನೇ ಸರಿ.

ಕಿಯಾಂಟಿ ಕ್ಲಾಸಿಕೊ ರುಚಿಗೆ ಹೆಸರಿಡುವ ಹಾಗಿಲ್ಲ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಳ ವೈನ್ ಅದು. ಕಮ್ಮಿ ಅಂದರೂ ಶೇ. 80ರಷ್ಟು ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಬಾಟಲಿ ಮೇಲೆ ಕಪ್ಪು ಹುಂಜದ ಗುರುತು ನೋಡಿ ತಗೊಳ್ಳಿ. ಬರೀ ಕಿಯಾಂಟಿ ಅಂತಿದ್ದರೆ ಅದು ಬೇರೆ.

ಕಿರಿಕಿರಿ ಇರೋದು ಅಲ್ಲಿಗೆ ಹೋಗುವುದರಲ್ಲಿ. ಆ ಗುಡ್ಡಗಳೊಳಗೆ ರೈಲು ಹೋಗುವುದಿಲ್ಲ. ಫ್ಲಾರೆನ್ಸ್‌ನಿಂದ ಆ ಗುಡ್ಡಗಳ ನಡುವಿನ ಗ್ರೇವೆ ಊರಿಗೆ ಬಸ್ಸಿದೆ, ಸುಮಾರು ಒಂದು ಗಂಟೆ ದಾರಿ. ಆದರೆ ಬಸ್ಸು ಇಳಿಸೋದು ಊರೊಳಗೆ, ವೈನ್ ಮಾಡುವ ತೋಟಗಳು ಇರೋದು ಮಣ್ಣುದಾರಿ ಹಿಡಿದು ಎಷ್ಟೋ ಆಚೆ. ಹಾಗಾಗಿ ಬಾಡಿಗೆ ಕಾರು. ಕಾರು ಅಂದಮೇಲೆ ಒಬ್ಬರು ಓಡಿಸಬೇಕು. ಓಡಿಸುವವರು ಮನಸಾರೆ ಕುಡಿಯುವ ಹಾಗಿಲ್ಲ. ಅಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮಿತಿ, ಲೈಸೆನ್ಸ್ ಸಿಕ್ಕಿ 3 ವರ್ಷ ಆಗದವರಿಗೆ ಸೊನ್ನೆ.

ನಮ್ಮಲ್ಲಿ ಆ ಪಾಲು ಬಂದದ್ದು ನಮ್ಮನೆಯವರಿಗೆ. ಟೇಸ್ಟಿಂಗ್ ಮೇಜಿನ ಮೇಲೆ ಉಗಿಯಲು ಒಂದು ಪಾತ್ರೆ ಇಟ್ಟಿರುತ್ತಾರೆ. ಪಾಪ, ರಿಸೆರ್ವಾವನ್ನು (ಹೆಚ್ಚು ಕಾಲ ಇಟ್ಟು ಮಾಗಿಸಿದ ಕಿಯಾಂಟಿ) ಬಾಯಲ್ಲಿ ಹೊರಳಿಸಿ ಅದರೊಳಗೆ ಉಗಿದರು. ನನ್ನ ಗ್ಲಾಸು ಖಾಲಿಯಾಗುವುದನ್ನೇ ನೋಡುತ್ತಾ ಕೂತರು. ವಾಪಸ್ ಬರುವಾಗ ರಸ್ತೆಯ ತಿರುವುಗಳ ಬಗ್ಗೆ ಬಿಟ್ಟರೆ ಬೇರೆ ಮಾತಿಲ್ಲ. ದುಡ್ಡು ಕೊಟ್ಟು ಉಗಿಯುವ ವೈನ್ ಎಷ್ಟು ಚೆನ್ನಾಗಿದ್ದರೇನು, ಅಲ್ವಾ? ವ್ಯಾನ್ ಟೂರ್ ಇದೆ ಅಂತೀರಿ. ಇದೆ. ಬೆಲೆ ನೋಡಿ ಪುಟ ಮುಚ್ಚಿದೆ.

ಮೋದೆನಾಕ್ಕೆ ಬೊಲೊನ್ಯಾದಿಂದ ಪ್ಯಾಸೆಂಜರ್ ರೈಲಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಸ್ಟೇಷನ್‌ನಿಂದ ನಡೆದೇ ಪೇಟೆ ಸೇರಬಹುದು. 1931ರಿಂದ ನಡೆಯುತ್ತಿರುವ ಅಲ್ಬಿನೆಲ್ಲಿ ಮಾರ್ಕೆಟ್ ಸುತ್ತಿ, ಪಕ್ಕದ ಯಾವುದಾದರೂ ಹೋಟೆಲ್ಲಿಗೆ ನುಗ್ಗಿ. ಇಬ್ಬರೂ ಕುಡಿಯಬಹುದು.

ನನಗೆ ಹಿಡಿಸಿದ್ದು ಸೊರ್ಬಾರಾ ಎಂಬ ಲಂಬ್ರುಸ್ಕೋ. ತಣ್ಣಗಿನ ಬಾಟಲಿ ಬಗ್ಗಿಸಿದರೆ ಗುಲಾಬಿ ನೊರೆ ಗ್ಲಾಸಿನ ಅಂಚಿನವರೆಗೆ ಎದ್ದು, ಸೊರ್ ಅಂತ ಇಳಿದುಹೋಗುತ್ತದೆ. ಉಳಿಯೋದು ತೆಳು ಚೆರಿ ಬಣ್ಣದ, ಚುರುಕು ಹುಳಿಯ ವೈನ್. ಸಿಹಿ ಇಲ್ಲವೇ ಇಲ್ಲ. ಜೊತೆಗೆ ಕೊಡುವ ನ್ಯೋಕ್ಕೊ ಫ್ರಿಟ್ಟೊ ನಮ್ಮ ಪೂರಿಯ ಹಾಗೆ ಉಬ್ಬಿರುತ್ತದೆ, ಒಳಗೆ ಬರೀ ಗಾಳಿ. ಎರಡು ತಿಂದು ಒಂದು ಗುಟುಕು ಕುಡಿದರೆ ಎಣ್ಣೆ ಜಿಡ್ಡೆಲ್ಲ ತೊಳೆದುಹೋಗಿ ಮೂರನೆಯದಕ್ಕೆ ಕೈ ಹೋಗುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ, ಅಲ್ಲಿ ಹಂದಿ ಕೊಬ್ಬಿನಲ್ಲಿ ಕರಿಯೋದು ರೂಢಿ.

ಸಸ್ಯಾಹಾರಿ ಊಟದಲ್ಲಿ ಮಾತ್ರ ಕಿಯಾಂಟಿಯ ಸೀಮೆ ಟಸ್ಕನಿಯೇ ಮುಂದೆ. ಕಾಳು, ಸೊಪ್ಪು, ಹಳೇ ಬ್ರೆಡ್ ಹಾಕಿ ಬೇಯಿಸುವ ರಿಬೊಲ್ಲೀತಾ ಬಿಡಬೇಡಿ. ಆದರೆ ಆ ಉಪ್ಪಿಲ್ಲದ ಬ್ರೆಡ್ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಬೆಲೆ: ಅಂಗಡಿಯಲ್ಲಿ ಒಳ್ಳೆ ಸೊರ್ಬಾರಾ 10 ಯೂರೋ ಆಸುಪಾಸಿಗೆ ಬಂತು. ಕ್ಲಾಸಿಕೊ ಹತ್ತಿರಹತ್ತಿರ ಅದರ ಎರಡರಷ್ಟು.

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್. ಅಷ್ಟರಲ್ಲೇ ಎರಡೂ ಥರ ತಂದು, ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಜೊತೆ ಕುಡಿದು ನೋಡಿದೆವು. ಕಿಯಾಂಟಿಯ ಒಗರು ಸೇರಿ ಖಾರ ಇನ್ನೂ ಜಾಸ್ತಿಯಾಯಿತು. ಸೊರ್ಬಾರಾ ಬಜ್ಜಿ ಮುಗಿಯುವ ಮೊದಲೇ ಮುಗಿಯಿತು.

ಮನೆಯಲ್ಲಿ ತಂಪು ಜಾಗವಿದ್ದು, ಬಾಟಲಿಯನ್ನು ವರ್ಷಗಟ್ಟಲೆ ಇಟ್ಟು ತೆಗೆಯುವ ತಾಳ್ಮೆ ಇದ್ದರೆ ಕಿಯಾಂಟಿ ರಿಸೆರ್ವಾ ತಗೊಳ್ಳಿ. ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಎರಡೂ ಇಲ್ಲ. ಲಂಬ್ರುಸ್ಕೋ ಹೇಗೂ ಬೇಗ ಕುಡಿಯಬೇಕಾದದ್ದು. ಕೊಳ್ಳುವಾಗ ಲೇಬಲ್ ಮೇಲೆ ಸೆಕ್ಕೊ, ಅಂದರೆ ಸಿಹಿಯಿಲ್ಲದ್ದು, ಅಂತಿದೆಯಾ ನೋಡಿ. ಅಮಾಬಿಲೆ, ದೋಲ್ಚೆ ಅಂತಿದ್ದರೆ ಸಿಹಿ, ಅದನ್ನು ಅಲ್ಲೇ ಬಿಟ್ಟು ಬನ್ನಿ.