ಅಡ್ವಾನ್ಸ್ ಕೊಡುವ ಮುಂಚೆ ಸಿಬಿಲ್ ನೋಡಿಕೊಳ್ಳಿ: 7,400 ರೂಪಾಯಿ ಉಳಿಸಲು ಹೋಗಿ ನಮ್ಮ ಮನೆ ಕೈತಪ್ಪಿತು

ದಾವಣಗೆರೆಯಲ್ಲಿ ಸ್ವಂತ ಮನೆಗೆ ಓಡಾಡುತ್ತಿರುವವರು ಇದನ್ನು ಪೂರ್ತಿ ಓದಿ. ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು. ಸಿಬಿಲ್ ಅಂದರೆ ನಾವು ಸಾಲಗಳನ್ನು ಹೇಗೆ ತೀರಿಸಿದೆವು ಅನ್ನುವ ದಾಖಲೆ ಇಡುವ ಕಂಪನಿ. ಅದರ ವರದಿ, ಸ್ಕೋರ್ ನೋಡಿ ಬ್ಯಾಂಕಿನವರು ಸಾಲ ಕೊಡಬೇಕೋ ಬೇಡವೋ ಅಂತ ತೂಗುತ್ತಾರೆ.

ವಿದ್ಯಾನಗರದ ಆಚೆ ಒಂದು ಮನೆ ನೋಡಿದ್ದೆವು. ಮೂವತ್ತು ನಲವತ್ತರ ಸೈಟು, ಇ-ಖಾತೆ ಸರಿಯಿತ್ತು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. 34 ಲಕ್ಷಕ್ಕೆ ಮಾತಾಯಿತು. 28 ಲಕ್ಷ ಬ್ಯಾಂಕ್ ಸಾಲ, ಮಿಕ್ಕಿದ್ದು ಕೈಯಿಂದ ಅಂತ ಲೆಕ್ಕ ಹಾಕಿದೆವು. ನನ್ನ ಹೆಂಡತಿ ತನ್ನ ಎರಡು ಬಳೆ, ಒಂದು ಸರ ತೆಗೆದುಕೊಟ್ಟಳು. ಅದನ್ನು ಮಾರಿ ಎರಡು ಲಕ್ಷ ಅಡ್ವಾನ್ಸ್ ಕೊಟ್ಟು, ಮೂರು ತಿಂಗಳ ವಾಯಿದೆಗೆ ಕರಾರು ಮಾಡಿಕೊಂಡೆವು. ಸಂಬಳ ತಿಂಗಳಾ ಬ್ಯಾಂಕಿಗೇ ಬೀಳುತ್ತದೆ, ಕೈಸಾಲ ಇಲ್ಲ, ಸಾಲ ಆಗೇ ಆಗುತ್ತದೆ ಅಂತ ನಂಬಿದ್ದೆ.

ಬ್ಯಾಂಕಿನ ಮೇಡಂ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸ್ಕೋರ್ 648. 300ರಿಂದ 900ರವರೆಗಿನ ಅಳತೆಯಲ್ಲಿ 750ರ ಮೇಲಿದ್ದರೆ ಮಾತು ಸುಲಭ ಅಂದರು. ಕೆಳಗೆ ತಿಂಗಳಿಗೊಂದು ಚೌಕ: 000, 000, 000, ಆಮೇಲೆ 032, 063, 094. ಕಂತು ಎಷ್ಟು ದಿನ ತಡವಾಯಿತು ಅನ್ನುವ ಲೆಕ್ಕ ಅದು. "ಸರ್, 2021ರಲ್ಲಿ ಒಂದು ಸಾಲ ಸೆಟಲ್ ಮಾಡಿದ್ದೀರಲ್ಲ?" ಅಂದರು.

ನೆನಪಾಯಿತು. 2019ರಲ್ಲಿ ಫ್ರಿಜ್ಜು, ಟಿವಿ ಕಂತಿನ ಮೇಲೆ ತಂದಿದ್ದೆ. ಲಾಕ್‌ಡೌನ್ ಆದಮೇಲೆ ಅರ್ಧ ಸಂಬಳ, ಕಂತು ತಪ್ಪಿದವು. ಬಾಕಿ 18,400 ಇತ್ತು. ವಸೂಲಿಯ ಹುಡುಗ ಫೋನ್ ಮಾಡಿ, "ಅಣ್ಣಾ, 11,000 ಕಟ್ಟಿಬಿಡಿ, ಸೆಟಲ್ ಮಾಡಿ ಲೆಟರ್ ಕೊಡ್ತೀವಿ, ಇನ್ಮೇಲೆ ಯಾರೂ ಫೋನ್ ಮಾಡಲ್ಲ" ಅಂದ. ದೇವರೇ ಬಂದಂತಾಯಿತು. ಕಟ್ಟಿದೆ, ಲೆಟರನ್ನು ಬೀರುವಿನಲ್ಲಿ ಭದ್ರವಾಗಿಟ್ಟೆ.

ಆ ಒಂದು ಪದವೇ ಮುಳುವಾಯಿತು. ಪೂರ್ತಿ ಕಟ್ಟಿದರೆ ವರದಿಯಲ್ಲಿ 'ಕ್ಲೋಸ್ಡ್'. ಒಂದಿಷ್ಟು ಬಿಡಿಸಿಕೊಂಡು ಕಟ್ಟಿದರೆ 'ಸೆಟಲ್ಡ್', ಅಂದರೆ ಈ ಮನುಷ್ಯ ಪೂರ್ತಿ ತೀರಿಸಲಿಲ್ಲ, ನಾವೇ ಉಳಿದದ್ದನ್ನು ಕೈಬಿಟ್ಟೆವು ಅಂತ. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಈ ವ್ಯತ್ಯಾಸವನ್ನು ಮಾತ್ರ ಹೇಳಲಿಲ್ಲ. ಅದೇ ವರದಿಯಲ್ಲಿ ಷಡ್ಡಕನ ಬೈಕ್ ಸಾಲಕ್ಕೆ ನಾನು ಹಾಕಿದ್ದ ಜಾಮೀನೂ ಇತ್ತು. ಅವರು ಕಂತು ತಪ್ಪಿಸಿಲ್ಲ, ಪುಣ್ಯಕ್ಕೆ. ಜಾಮೀನು ಹಾಕಿದವರು ಅದನ್ನೂ ನೋಡಿಕೊಳ್ಳಿ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಗಾಬರಿಯಲ್ಲಿ ಹದಿನೈದೇ ದಿನದಲ್ಲಿ ಇನ್ನೂ ಮೂರು ಕಡೆ ಅರ್ಜಿ ಹಾಕಿದೆ. ಒಬ್ಬೊಬ್ಬರು ನನ್ನ ವರದಿ ತೆಗೆಸಿದಾಗಲೂ ಅದು ಅಲ್ಲಿ ದಾಖಲಾಯಿತು. ಸಾಲಕ್ಕಾಗಿ ಮನೆಮನೆ ತಿರುಗುತ್ತಿದ್ದಾನೆ ಅನ್ನುವಂತೆ ಕಂಡು, ಸ್ಕೋರ್ ಇನ್ನಷ್ಟು ಇಳಿಯಿತು. ಒಂದು ಫೈನಾನ್ಸ್‌ನವರು ಕೊಡಲು ಒಪ್ಪಿದರು, ಆದರೆ ಎರಡು ಪರ್ಸೆಂಟ್ ಜಾಸ್ತಿ ಬಡ್ಡಿಗೆ. 28 ಲಕ್ಷಕ್ಕೆ 20 ವರ್ಷ ಅಂದರೆ, ಎಂಟೂವರೆ ಪರ್ಸೆಂಟಿಗೆ ತಿಂಗಳ ಕಂತು ಸುಮಾರು 24,300. ಹತ್ತೂವರೆಗೆ ಸುಮಾರು 27,950. ಕೊನೆಗೆ ಎಂಟೂಮುಕ್ಕಾಲು ಲಕ್ಷದಷ್ಟು ವ್ಯತ್ಯಾಸ. ಬೇಡ ಅಂದೆ.

ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ಒಂದು ತಿಂಗಳಲ್ಲಿ ಸಿಬಿಲ್ ಕ್ಲಿಯರ್ ಮಾಡಿಸ್ತೀನಿ ಅಂತ 8,000 ತಗೊಂಡ. ಅವನು ಮಾಡಿದ್ದು ಆನ್‌ಲೈನಿನಲ್ಲಿ ಒಂದು ತಕರಾರು ಹಾಕಿದ್ದು, ಅಷ್ಟೇ. ಅದಕ್ಕೆ ಯಾರೂ ದುಡ್ಡು ಕೊಡಬೇಕಿಲ್ಲ, ನೀವೇ ಹಾಕಬಹುದು. ಸಾಲ ಕೊಟ್ಟವರು ಒಪ್ಪದೆ ಸಿಬಿಲ್‌ನವರು ಒಂದಕ್ಷರವನ್ನೂ ತಿದ್ದುವುದಿಲ್ಲ. ನನ್ನ ದಾಖಲೆ ನಿಜವೇ ಆಗಿದ್ದರಿಂದ ಏನೂ ಬದಲಾಗಲಿಲ್ಲ. ದಾಖಲೆಯೇ ತಪ್ಪಾಗಿದ್ದರೆ ಬಿಡಬೇಡಿ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಮೂರು ತಿಂಗಳು ಮುಗಿಯಿತು. ಸಾಲ ಆಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡಬೇಕು ಅನ್ನುವ ಸಾಲು ನಮ್ಮ ಕರಾರಿನಲ್ಲಿ ಇರಲಿಲ್ಲ. ಬರೆಸಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಮನೆ ಮಾರುತ್ತಿದ್ದವರು ಒಳ್ಳೆಯವರು, ಒಂದು ಲಕ್ಷ ಹಿಂದಿರುಗಿಸಿದರು. ಇನ್ನೊಂದು ಲಕ್ಷ ಹೋಯಿತು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳ ಬರಿಗೈ ನೋಡಿದಾಗೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

ದಯವಿಟ್ಟು ಮನೆ ಹುಡುಕುವ ಆರು ತಿಂಗಳ ಮೊದಲೇ ನಿಮ್ಮ ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಇಂಥ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳ ಕಡೆ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ. ನಿಮ್ಮದನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಸಾಲ ಕೇಳುವುದಾದರೆ ಇಬ್ಬರದೂ ತೆಗೆಸಿ.

ನಾನು ಫ್ರಿಜ್ಜು, ಟಿವಿಗೆ ಸಾಲ ಕೊಟ್ಟಿದ್ದ ಫೈನಾನ್ಸ್ ಕಂಪನಿಯ ಕಚೇರಿಗೆ ಹೋಗಿ, ಅಂದು ಬಿಡಿಸಿಕೊಂಡಿದ್ದ 7,400 ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ತಗೊಂಡೆ, ವರದಿಯಲ್ಲೂ ತಿದ್ದಿಸಿ ಅಂತ ಬರೆದುಕೊಟ್ಟೆ. ಕಳೆದ ತಿಂಗಳ ವರದಿಯಲ್ಲಿ 'ಕ್ಲೋಸ್ಡ್' ಅಂತ ಬಂದಿದೆ. ತಡವಾದ ಆ ಮೂರು ಚೌಕಗಳು ಹಾಗೇ ಇವೆ. ಸ್ಕೋರ್ ಈಗ 691.