ದೇವಿಮನೆ ಘಟ್ಟಕ್ಕೆ ಡೀಸೆಲ್ಲೋ, ಪೆಟ್ರೋಲೋ?

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಗೋಡೆ ಕಟ್ಟುವ ಚಿರೆಕಲ್ಲು ಹೇರಿ ಕಳಿಸುವ ನಮ್ಮಂಥವರು ಗಾಡಿ ಕೊಳ್ಳಲು ಹೊರಟಾಗಲೆಲ್ಲ ಈ ಚರ್ಚೆ ಏಳುತ್ತದೆ. ನಮ್ಮ ಅಂಗಡಿಯಲ್ಲಿ ಎರಡೂ ಇವೆ: 2.5 ಲೀಟರ್ ಎಂಜಿನ್ನಿನ ಡೀಸೆಲ್ ಪಿಕಪ್, 1.2 ಲೀಟರಿನ ಪೆಟ್ರೋಲ್ ಮಿನಿ ಟ್ರಕ್. ಇದು ಸಮಬಲರ ಕುಸ್ತಿಯಲ್ಲ, ಒಪ್ಪುತ್ತೇನೆ. ಆದರೆ ಒಂದು ಟನ್ನಿಗಿಂತ ಹೆಚ್ಚು ಹೊರುವ ಪೆಟ್ರೋಲ್ ಗಾಡಿ ನಮ್ಮಲ್ಲಿ ಸಿಗುವುದೇ ಅಪರೂಪ. ಕೊಳ್ಳುವವನ ಮುಂದಿರುವ ಆಯ್ಕೆಯೇ ಹೀಗಿದೆ.

ಶಿರಸಿ ಇರುವುದು ಸಮುದ್ರ ಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿ. ಕತಗಾಲ ದಾಟಿದ ಮೇಲೆ ಆ ಎತ್ತರದ ಬಹುಪಾಲನ್ನು ದೇವಿಮನೆಯ ತಿರುವುಗಳಲ್ಲೇ ಏರಬೇಕು. ಇಲ್ಲಿ ಅಶ್ವಶಕ್ತಿಯ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಕಾಗದದ ಮೇಲೆ ಎರಡೂ ಗಾಡಿಗಳದ್ದು 75ರ ಹತ್ತಿರವೇ. ವ್ಯತ್ಯಾಸವಿರುವುದು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ನಿನ ಎಳೆತದಲ್ಲಿ. ಡೀಸೆಲ್ ಪಿಕಪ್ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಅದೂ ನಿಮಿಷಕ್ಕೆ 1,400 ಸುತ್ತಿನಲ್ಲೇ. ಪೆಟ್ರೋಲ್ ಗಾಡಿಯದು ಅದರ ಅರ್ಧ. ಅದನ್ನು ಪಡೆಯಲು ಎಂಜಿನ್ನನ್ನು 3,000 ಸುತ್ತಿಗೆ ಏರಿಸಬೇಕು. ತಿರುವಿನಲ್ಲಿ ಎದುರಿನಿಂದ ಬಸ್ ಬಂದು ನಿಂತುಬಿಟ್ಟರೆ ಇದರ ಅರ್ಥ ತಿಳಿಯುತ್ತದೆ. ಡೀಸೆಲ್ ಗಾಡಿ ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟಂತೆ ಮುಂದೆ ಸರಿಯುತ್ತದೆ. ಪೆಟ್ರೋಲ್ ಗಾಡಿಯನ್ನು ಹ್ಯಾಂಡ್‌ಬ್ರೇಕಿನಲ್ಲಿ ಹಿಡಿದು, ಆಕ್ಸಿಲರೇಟರ್ ಒತ್ತಿ, ಹಾಫ್ ಕ್ಲಚ್ಚಿನಲ್ಲಿ ಗೋಗರೆಯಬೇಕು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಆಶ್ಚರ್ಯವಿಲ್ಲ. ಜುಲೈ ಮಳೆಯಲ್ಲಿ ಆ ಕೆಲಸವನ್ನು ಹೊಸ ಹುಡುಗನ ಕೈಗೆ ನಾನಂತೂ ಕೊಡುವುದಿಲ್ಲ.

ಹಾಗೆಂದು ಡೀಸೆಲ್ಲಿಗೆ ಪೂರ್ತಿ ಹಾರ ಹಾಕಬೇಡಿ. ಘಟ್ಟ ಇಳಿಯುವಾಗ ಲೆಕ್ಕ ಬೇರೆ. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಒಂದು ಮುಚ್ಚಳವಿರುತ್ತದೆ, ಥ್ರಾಟಲ್. ಕಾಲು ತೆಗೆದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ, ಎಂಜಿನ್ ಗಾಳಿಗಾಗಿ ತಿಣುಕುತ್ತದೆ, ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ಲಿನಲ್ಲಿ ವೇಗವನ್ನು ಅಂಕೆಯಲ್ಲಿಡುವುದು ಗಾಳಿಯಲ್ಲ, ಇಂಧನ. ಹಾಗಾಗಿ ಕಾಲು ತೆಗೆದರೂ ಗಾಳಿ ಸಲೀಸಾಗಿ ಬರುತ್ತಲೇ ಇರುತ್ತದೆ, ಹಿಡಿತ ಸಡಿಲ. ದೊಡ್ಡ ಲಾರಿಗಳಿಗೆ ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಇಟ್ಟಿರುವುದು ಇದೇ ಕಾರಣಕ್ಕೆ. ನಮ್ಮ ಪಿಕಪ್ಪಿಗೆ ಅದಿಲ್ಲ. ಶಿರಸಿಯಿಂದ ಹೆಚ್ಚುಕಡಿಮೆ ಒಂದೇ ತೂಕದ ಅಡಿಕೆ ಮೂಟೆಗಳನ್ನು ಎರಡರಲ್ಲೂ ತಂದು ನೋಡಿದ್ದೇನೆ. ಎರಡನೇ ಗೇರಿನಲ್ಲಿ ಪೆಟ್ರೋಲ್ ಗಾಡಿ ಬ್ರೇಕ್ ಕೇಳುವುದು ಕಡಿಮೆ. ಪಿಕಪ್ಪಿನ ಮೈಭಾರವೂ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ನಮ್ಮ ಹಳೆಯ ಚಾಲಕರಿಗೆ ಇದನ್ನು ಹೇಳಿದರೆ, ‘ನೀವು ಅಂಗಡಿಯಲ್ಲಿ ಕುಳಿತುಕೊಳ್ಳಿ ಹೆಗಡೇರೆ, ಘಟ್ಟ ನಮಗೆ ಬಿಡಿ’ ಎಂದು ನಗುತ್ತಾರೆ. ನಗಲಿ, ಇಳಿಯುವಾಗ ಅವರೂ ಪಿಕಪ್ಪನ್ನು ಘಟ್ಟದ ಮೇಲಿನ ಬಂಡಲ ದಾಟಿದೊಡನೆ ಕೆಳಗಿನ ಗೇರಿಗೇ ಹಾಕುತ್ತಾರೆ.

ಖರ್ಚಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ‘ಲೀಟರಿಗೆ ಎಷ್ಟು ಕೊಡುತ್ತದೆ’ ಎಂಬ ಪ್ರಶ್ನೆಯಲ್ಲಿ. ಲೋಡ್ ಹೊತ್ತು ಘಟ್ಟ ಏರುವಾಗ ಎರಡೂ ಒಂಬತ್ತು ಕಿಲೋಮೀಟರಿನ ಸುತ್ತಮುತ್ತಲೇ ಕೊಡುತ್ತವೆ. ಆದರೆ ಒಂದು ಹೊರುವುದು 1,300 ಕಿಲೋ, ಇನ್ನೊಂದು 740. ಚಿರೆಕಲ್ಲು ಒಂದೊಂದೂ ಮೂವತ್ತು ಕಿಲೋ ಮೀರುವುದರಿಂದ ಪೆಟ್ರೋಲ್ ಗಾಡಿಗೆ ಇಪ್ಪತ್ತು ಕಲ್ಲು ಹೇರಿದರೆ ಮುಗಿಯಿತು. ಜತೆಗೆ ಡೀಸೆಲ್ ಲೀಟರಿಗೆ ಹತ್ತು ಹನ್ನೆರಡು ರೂಪಾಯಿ ಅಗ್ಗ. ಟನ್ನಿನ ಲೆಕ್ಕ ಹಾಕಿದರೆ ಪೆಟ್ರೋಲ್ ಗಾಡಿಯಲ್ಲಿ ಇಂಧನದ ಖರ್ಚು ಹತ್ತಿರ ಹತ್ತಿರ ಇಮ್ಮಡಿ. ಡೀಸೆಲ್ಲಿನಲ್ಲಿ ಇನ್ನೊಂದು ಅಪಾಯವಿದೆ: ಎಳೆಯುತ್ತದೆ ಎಂಬ ಧೈರ್ಯಕ್ಕೆ ಮಾಲೀಕರು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದ ಭಾರದ ಮಿತಿಯನ್ನು ಮರೆತು ಹೇರುತ್ತಾರೆ, ಆಮೇಲೆ ಸ್ಪ್ರಿಂಗ್ ಪಟ್ಟಿ ಮುರಿಯಿತು ಎಂದು ಗೊಣಗುತ್ತಾರೆ.

ಕರಾವಳಿಯ ಸಪಾಟು ದಾರಿಯಲ್ಲಿ, ಅಂದರೆ ಅಂಕೋಲಾ, ಕಾರವಾರದ ಕಡೆ, ತೀರ್ಪು ತಿರುಗುತ್ತದೆ. ಮೀನಿನ ಪೆಟ್ಟಿಗೆ, ಸಿಮೆಂಟಿನ ನಾಲ್ಕು ಚೀಲ, ಮನೆ ಮನೆಗೆ ಸಿಲಿಂಡರ್, ಹೀಗೆ ನಿಂತು ನಿಂತು ಓಡುವ ಕೆಲಸಕ್ಕೆ ಪೆಟ್ರೋಲೇ ಸರಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆಯ ನಿಯಮ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆಕೊಳವೆಗೆ ಮಸಿ ಹಿಡಿಯುವ ಫಿಲ್ಟರ್ ಸೇರಿಕೊಂಡಿದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾಯಬೇಕು, ದೂರ ಓಡಬೇಕು. ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಸಣ್ಣ ಗಾಡಿಗಳಲ್ಲಿ ಕಂಪನಿಗಳೂ ಪೆಟ್ರೋಲಿನ ಕಡೆ ವಾಲಿವೆ. 2005ರಲ್ಲಿ ಬಂದ ಟಾಟಾ ಏಸ್, ನಮ್ಮೂರ ಛೋಟಾ ಹಾಥಿ, ಆಗ ಎರಡು ಸಿಲಿಂಡರಿನ ಡೀಸೆಲ್ ಮಾತ್ರ. ಈಗ ಅದರಲ್ಲೂ ಪೆಟ್ರೋಲ್ ಇದೆ. ಮಾರುತಿ ತನ್ನ ಸೂಪರ್ ಕ್ಯಾರಿಯಲ್ಲಿ 2020ರಲ್ಲಿ ಡೀಸೆಲ್ಲನ್ನೇ ಕೈಬಿಟ್ಟಿತು. ಕಾರವಾರದವರಿಗೆ ಇನ್ನೊಂದು ಅನುಕೂಲವಿದೆ: ಗಡಿಯ ಮಾಜಾಳಿ ದಾಟಿ ಪೊಳೆಗೆ ಹೋದರೆ ಗೋವಾದ ಪೆಟ್ರೋಲ್ ನಮ್ಮದಕ್ಕಿಂತ ಅಗ್ಗ.

ತಿಂಗಳಿಗೆ ಒಂದೆರಡು ಸಲ ಮಾತ್ರ ಘಟ್ಟದ ಮೇಲೆ ಕೆಲಸವಿರುವವರು ಅದಕ್ಕಾಗಿ ಡೀಸೆಲ್ ಕೊಳ್ಳಬೇಕಿಲ್ಲ. ಪೆಟ್ರೋಲ್ ಗಾಡಿ ಇಟ್ಟುಕೊಳ್ಳಿ, ಕಲ್ಲಿನ ದಿನ ಪಿಕಪ್ಪನ್ನು ಬಾಡಿಗೆಗೆ ಕರೆಯಿರಿ. ವಾರವಿಡೀ ದೇವಿಮನೆ ಹತ್ತುವವರು ಮಾತ್ರ ಡೀಸೆಲ್ಲಿಗೆ ಹೋಗಲಿ, ಕೊಳ್ಳುವ ದಿನವೇ ಇಳಿಜಾರಿನ ಗೇರಿನ ಬಗ್ಗೆ ಚಾಲಕನೊಡನೆ ಮಾತಾಡಿಕೊಳ್ಳಲಿ.